ಮೊದಲು ಫೈಲ್, ಆಮೇಲೆ ಡಿಸ್ಕ್: ರಿಕವರಿ ಸಾಫ್ಟ್‌ವೇರ್ ಆರಿಸುವ ಕ್ರಮ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತಾಳಮದ್ದಳೆ ಎಲ್ಲಿ ಉಂಟು ಅಂತ ಗೊತ್ತಾದರೆ ಸಾಕು, ಜೇಬಿನಲ್ಲಿ ಪುಟ್ಟ ರೆಕಾರ್ಡರ್ ಹಾಕಿಕೊಂಡು ಬಸ್ಸು ಹತ್ತುವವರು. ಹದಿನೈದು ವರ್ಷದ ಧ್ವನಿಮುದ್ರಣವನ್ನೆಲ್ಲ ಒಂದು ಟೆರಾಬೈಟಿನ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ವರ್ಷವಾರು ಫೋಲ್ಡರ್ ಮಾಡಿ ಇಟ್ಟಿದ್ದರು. ಒಂದು ಸಂಜೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಾಗ, ಈ ಡ್ರೈವಿನಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ ಎಂದು ವಿಂಡೋಸ್ ಕೇಳಿತು. ಇವರು ಒಪ್ಪಿದರು. ರಾತ್ರಿಯಿಡೀ ಓಡಿತು. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಫೋಲ್ಡರುಗಳೇ ಇಲ್ಲ.

"ಎಂತ ಮಾಡುದು ಮಾರಾಯಾ, ಅದೇ ಸರಿ ಮಾಡ್ತೇನೆ ಅಂತ ಹೇಳಿತು, ನಾನು ಮಾಡು ಅಂದೆ" ಎಂದು ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಹತ್ತಿರ ತಂದರು. ಮರೆಯಲ್ಲಿರುವ ಫೋಲ್ಡರುಗಳನ್ನು ತೋರಿಸುವಂತೆ ಮಾಡಿದ ಮೇಲೆ ‘ಫೌಂಡ್’ ಎಂಬ ಹೆಸರಿನ ಮುಂದೆ ಮೂರು ಸೊನ್ನೆ ಇರುವ ಫೋಲ್ಡರ್ ಕಂಡಿತು. ಅದರೊಳಗೆ ‘ಸಿಎಚ್‌ಕೆ’ ಎಂದು ಮುಗಿಯುವ, ಹೆಸರಿನ ಜಾಗದಲ್ಲಿ ಬರೀ ಕ್ರಮಸಂಖ್ಯೆ ಇರುವ ತುಂಡುಗಳು. ಅವರು ಮಾಡಿದ್ದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸು ಬರಲಿಲ್ಲ. ಸರಿಪಡಿಸಲೇ ಎಂದು ಯಂತ್ರವೇ ಕೇಳಿದರೆ ಬೇಡ ಎನ್ನುವವರು ಯಾರು?

ಆದರೆ ಈ ವಿಷಯದಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಅಲ್ಲಿಯೇ ಇದೆ. ಡಿಸ್ಕ್ ರಿಪೇರಿ ಮಾಡುವ ಸಾಫ್ಟ್‌ವೇರ್ ಡಿಸ್ಕಿನ ಮೇಲೆ ಬರೆಯುತ್ತದೆ. ಫೈಲ್ ಮರಳಿ ತರುವ ಸಾಫ್ಟ್‌ವೇರ್ ಡಿಸ್ಕನ್ನು ಬರೀ ಓದುತ್ತದೆ, ಓದಬೇಕು. ರಿಪೇರಿಯವನಿಗೆ ಡಿಸ್ಕಿನ ಲೆಕ್ಕ ತಾಳೆಯಾದರೆ ಆಯಿತು. ತಾಳೆಯಾಗದ ಫೈಲನ್ನು ಕತ್ತರಿಸಿ ಬದಿಗೆ ಹಾಕಲು ಅವನು ಹಿಂಜರಿಯುವುದಿಲ್ಲ. ಹಂಚಿನ ಮಾಡಿನ ಪಕ್ಕಾಸು ಕುಂಬಾಗಿದ್ದರೆ ಆಚಾರಿಯನ್ನು ಮೇಲೆ ಹತ್ತಿಸುವ ಮೊದಲು ಅಟ್ಟದಲ್ಲಿರುವ ಓಲೆಗರಿಯ ಕಟ್ಟನ್ನು ಕೆಳಗಿಳಿಸುತ್ತೇವಲ್ಲ, ಕ್ರಮ ಅದೇ. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆ ಆಮೇಲಿನದು.

ಕೈ ತೆಗೆಯುವುದು

ಫೈಲ್ ಅಳಿಸಿಹೋಗಿದೆ ಎಂದು ಗೊತ್ತಾದ ಕ್ಷಣದಿಂದ ಆ ಡಿಸ್ಕಿಗೆ ಹೊಸದೇನೂ ಬರೆಯಬಾರದು. ವಿಂಡೋಸ್ ಫೈಲನ್ನು ಅಳಿಸುವಾಗ ಒಳಗಿನ ವಿಷಯವನ್ನು ಒರೆಸುವುದಿಲ್ಲ, ಈ ಜಾಗ ಖಾಲಿ ಎಂದು ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ಜಾಗಕ್ಕೆ ಬೇರೆ ಫೈಲ್ ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಕೂತ ಮೇಲೆ ಯಾವ ಸಾಫ್ಟ್‌ವೇರಿನಿಂದಲೂ ತರಲಾಗದು.

ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಕ್ಸ್‌ಟರ್ನಲ್ ಡಿಸ್ಕ್ ಆದರೆ ತೆಗೆದು ಬದಿಗಿಟ್ಟರೆ ಆಯಿತು. ಸಿ ಡ್ರೈವಿನಲ್ಲಿದ್ದ ಫೈಲ್ ಹೋದರೆ ಕಷ್ಟ, ಯಾಕೆಂದರೆ ನೀವು ಸುಮ್ಮನೆ ಕೂತಿದ್ದರೂ ವಿಂಡೋಸ್ ಬರೆಯುತ್ತಲೇ ಇರುತ್ತದೆ: ಅಪ್‌ಡೇಟ್, ಬ್ರೌಸರಿನ ತಾತ್ಕಾಲಿಕ ಫೈಲು, ಲಾಗು. ಹಾಗಾಗಿ ಕಂಪ್ಯೂಟರನ್ನು ಆಫ್ ಮಾಡಿ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನೋಡುವುದು ಒಳ್ಳೆಯದು, ಇಲ್ಲವಾದರೆ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅಂದರೆ ಸಿ ಡ್ರೈವಿನ ಬದಲು ಅದರಲ್ಲಿರುವ ವ್ಯವಸ್ಥೆಯಿಂದ ಕಂಪ್ಯೂಟರ್ ಶುರುಮಾಡಿ. ನಾನು ಕಂಡ ಅತಿ ಸಾಮಾನ್ಯ ಅನಾಹುತವೆಂದರೆ, ಮಗಳ ಮದುವೆಯ ಫೋಟೋ ಇದ್ದ ಡ್ರೈವಿಗೇ ರಿಕವರಿ ಸಾಫ್ಟ್‌ವೇರನ್ನು ಡೌನ್‌ಲೋಡ್ ಮಾಡಿ, ಅಲ್ಲೇ ಇನ್‌ಸ್ಟಾಲ್ ಮಾಡಿ, ಸಿಕ್ಕಿದ ಫೋಟೋಗಳನ್ನೂ ಅದೇ ಡ್ರೈವಿಗೆ ಇಳಿಸುವುದು. ಸಿಕ್ಕಿದ ಒಂದೊಂದು ಫೋಟೋವೂ ಇನ್ನೂ ಸಿಗಬೇಕಾದ ಫೋಟೋದ ಮೇಲೆ ಹೋಗಿ ಕೂರುತ್ತದೆ.

ಸಾಫ್ಟ್‌ವೇರ್ ಹುಡುಕುವ ಮುಂಚೆ ಸುಲಭದ ಜಾಗಗಳನ್ನು ತಡಕಾಡಿ. ರಿಸೈಕಲ್ ಬಿನ್ ನೋಡದೆ ಬಂದವರೂ ಉಂಟು. ಒನ್‌ಡ್ರೈವ್ ಮತ್ತು ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದ ಚಿತ್ರ 60 ದಿನ ಉಳಿದಿರುತ್ತದೆ. ಕಳುಹಿಸಿದ ಮೇಲ್, ಸಂಬಂಧಿಕರ ವಾಟ್ಸಾಪ್, ಸ್ಟುಡಿಯೋದವರ ಹತ್ತಿರ ಇರಬಹುದಾದ ಪ್ರತಿ, ಇವನ್ನೆಲ್ಲ ಒಂದು ಗಂಟೆ ಕೂತು ನೋಡಿದರೆ ಒಂದು ವಾರದ ಕೆಲಸ ಉಳಿಯಬಹುದು.

ಡಿಸ್ಕಿನ ನಾಡಿ ನೋಡುವುದು

ಇದಕ್ಕೆ ಸಮಯ ಕೊಡಿ. ಸಾಫ್ಟ್‌ವೇರಿನ ಆಯ್ಕೆ ಪೂರ್ತಿ ಇದರ ಮೇಲೆ ನಿಂತಿದೆ.

ಮೊದಲು ಕಿವಿ. ತಿರುಗುವ ಹಾರ್ಡ್‌ಡಿಸ್ಕ್ ಆದರೆ ಹತ್ತಿರ ಕಿವಿಯಿಟ್ಟು ಕೇಳಿ. ಸಣ್ಣ ಗುಂಯ್ ಸದ್ದು ಸಹಜ. ಟಕ್... ಟಕ್... ಟಕ್ ಎಂದು ತಾಳ ಹಾಕಿದ ಹಾಗೆ ಬಡಿದು ನಿಲ್ಲುತ್ತಿದ್ದರೆ, ಅಥವಾ ಕೀರಿದ ಸದ್ದು ಬರುತ್ತಿದ್ದರೆ ತಕ್ಷಣ ಕರೆಂಟು ತೆಗೆಯಿರಿ. ಒಳಗೆ ಓದುವ ಹೆಡ್ಡು ಹಾಳಾಗಿರುವ ಲಕ್ಷಣ ಅದು. ಆ ಸ್ಥಿತಿಯಲ್ಲಿ ಓಡಿಸಿದ ಪ್ರತಿ ನಿಮಿಷವೂ ತಟ್ಟೆಯನ್ನು ಗೀರುತ್ತದೆ. ಅಂಥದ್ದಕ್ಕೆ ಸಾಫ್ಟ್‌ವೇರೇ ಬೇಡ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಫ್ರಿಜ್ಜಿನಿಂದ ಹೊರತೆಗೆದ ಸ್ಟೀಲ್ ಚೆಂಬಿನ ಮೈಯಲ್ಲಿ ಎಷ್ಟು ನೀರು ಇಳಿಯುತ್ತದೆ ನೋಡಿದ್ದೀರಲ್ಲ? ಅದೇ ಪಸೆ ಡಿಸ್ಕಿಗೂ ಬರುತ್ತದೆ. ದಯವಿಟ್ಟು ಮಾಡಬೇಡಿ.

ಎರಡನೆಯದು ಕೇಬಲ್. ಪತ್ತನಾಜೆ ಕಳೆದು ಮಳೆ ಹಿಡಿದರೆ ನಾಲ್ಕು ತಿಂಗಳು ಒಣಗುವ ಮಾತಿಲ್ಲದ ಊರು ನಮ್ಮದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರ ಮೇಲೆ ಕಡಲ ಉಪ್ಪುಗಾಳಿ. ಆಟಿ ತಿಂಗಳಲ್ಲಿ ಚಪ್ಪಲಿಗೆ ಬೂಸ್ಟು ಹಿಡಿಯುವ ಮನೆಯಲ್ಲಿ ಯುಎಸ್‌ಬಿ ತುದಿಗೆ ಕಿಲುಬು ಹಿಡಿಯುವುದು ಆಶ್ಚರ್ಯವಲ್ಲ. ಬೇರೆ ಕೇಬಲ್, ಬೇರೆ ಪೋರ್ಟು, ಬೇರೆ ಕಂಪ್ಯೂಟರ್ ಮೂರನ್ನೂ ಪ್ರಯತ್ನಿಸಿ. ಡಿಸ್ಕ್ ಸತ್ತಿದೆ ಎಂದು ನನ್ನ ಮೇಜಿಗೆ ಬಂದದ್ದರಲ್ಲಿ ಕೇಬಲ್ ಬದಲಿಸಿದ ಕೂಡಲೇ ಎದ್ದು ಕೂತದ್ದು ಹಲವು.

ಮೂರನೆಯದು ಡಿಸ್ಕಿನ ಸ್ವಂತ ಆರೋಗ್ಯ ದಾಖಲೆ. ಇದಕ್ಕೆ ಸ್ಮಾರ್ಟ್ ಎನ್ನುತ್ತಾರೆ. ಡಿಸ್ಕ್ ತನ್ನ ತಪ್ಪುಗಳನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಅದನ್ನು ಓದಿ ತೋರಿಸುತ್ತದೆ: ನೀಲಿ ಬಂದರೆ ಒಳ್ಳೆಯದು, ಹಳದಿ ಬಂದರೆ ಎಚ್ಚರಿಕೆ, ಕೆಂಪು ಬಂದರೆ ಅಪಾಯ. ಬಣ್ಣವನ್ನಷ್ಟೇ ನಂಬಬೇಡಿ, ಸಾಲುಗಳನ್ನು ಓದಿ. ತಿರುಗುವ ಡಿಸ್ಕಿನಲ್ಲಿ 05, ಸಿ5, ಸಿ6, ಸಿ7 ಎಂಬ ನಾಲ್ಕು ಸಾಲು ಸಾಕು. ಡಿಸ್ಕಿನ ಜಾಗ ಸೆಕ್ಟರ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹಂಚಿಕೊಂಡಿರುತ್ತದೆ. 05 ಎಂದರೆ ಕೆಟ್ಟ ಸೆಕ್ಟರಿಗೆ ಬದಲಾಗಿ ಮೀಸಲು ಸೆಕ್ಟರ್ ಕೊಟ್ಟ ಲೆಕ್ಕ. ಸಿ5 ಎಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರುಗಳು. ಸಿ6 ಎಂದರೆ ಪ್ರಯತ್ನಿಸಿಯೂ ಸರಿಯಾಗದವು. ಸಿ7 ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಡಿಸ್ಕಿನದಲ್ಲ, ನಡುವಿನ ಕೇಬಲಿನದು. ಅಲ್ಲಿ ಕಾಣುವ ಅಂಕಿ ಹದಿನಾರರ ಲೆಕ್ಕದಲ್ಲಿರುತ್ತದೆ, ಅಂದರೆ 10 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಹದಿನಾರು. ಸಾಮಾನ್ಯ ಅಂಕಿಯಲ್ಲಿ ತೋರಿಸುವ ಆಯ್ಕೆ ಮೆನುವಿನಲ್ಲೇ ಇದೆ. ಕೆಲವು ಎಕ್ಸ್‌ಟರ್ನಲ್ ಪೆಟ್ಟಿಗೆಗಳು ಈ ದಾಖಲೆಯನ್ನು ಹೊರಗೆ ಬಿಡುವುದೇ ಇಲ್ಲ, ಆಗ ಕಿವಿಯೇ ಗತಿ.

ಸಿ5 ಸೊನ್ನೆಯಲ್ಲದಿದ್ದರೆ ಡಿಸ್ಕ್ ಸೋರುತ್ತಿದೆ ಎಂದು ತಿಳಿಯಿರಿ. ಆ ಡಿಸ್ಕಿನ ಮೇಲೆ ಸ್ಕ್ಯಾನ್ ಓಡಿಸುವ ಮೊದಲು ಪೂರ್ತಿ ನಕಲು ತೆಗೆಯಬೇಕು.

ನಾಲ್ಕನೆಯದಾಗಿ ವಿಂಡೋಸಿನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಡಿಸ್ಕಿನ ಗಾತ್ರ ಸರಿಯಾಗಿ ಬಂದು ಅದರ ಮುಂದೆ ‘ರಾ’ ಎಂದಿದ್ದರೆ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕ, ಕೆಟ್ಟಿದೆ, ಒಳಗಿನ ಸರಕು ಬಹುತೇಕ ಹಾಗೇ ಇರಬಹುದು. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ವಿಂಡೋಸ್ ಕೇಳುವುದು ಇಂಥದ್ದಕ್ಕೇ, ಆಗ ಕ್ಯಾನ್ಸಲ್ ಒತ್ತಿ. ಅನ್‌ಅಲೊಕೇಟೆಡ್ ಎಂದಿದ್ದರೆ ಪಾರ್ಟಿಶನ್ ಪಟ್ಟಿ, ಅಂದರೆ ಡಿಸ್ಕನ್ನು ಸಿ, ಡಿ ಎಂದು ಪಾಲು ಮಾಡಿದ ಲೆಕ್ಕ, ಹೋಗಿದೆ. ಗಾತ್ರವೇ ಬಾರದಿದ್ದರೆ, ಡಿಸ್ಕೇ ಕಾಣದಿದ್ದರೆ, ತೊಂದರೆ ಯಂತ್ರದ್ದು, ಸಾಫ್ಟ್‌ವೇರಿನ ಕೈ ಅಲ್ಲಿಗೆ ಮುಟ್ಟದು.

ಎಸ್‌ಎಸ್‌ಡಿ ಆದರೆ ಲೆಕ್ಕ ಬೇರೆ

ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಹೆಚ್ಚಾಗಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳ ಡಿಸ್ಕ್. ಇದರಲ್ಲಿ ಫೈಲ್ ಅಳಿಸಿದ ಕೂಡಲೇ ವಿಂಡೋಸ್ ಟ್ರಿಮ್ ಎಂಬ ಆದೇಶ ಕಳುಹಿಸುತ್ತದೆ: ಈ ಜಾಗ ಇನ್ನು ಬೇಡ, ನಿನಗೆ ಬೇಕಾದಾಗ ಒರೆಸು. 2009ರ ವಿಂಡೋಸ್ 7ರಿಂದಲೂ ಇದು ತಾನಾಗಿ ನಡೆಯುತ್ತದೆ. ಆ ಆದೇಶ ಹೋದ ಮೇಲೆ ಅಲ್ಲಿಂದ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆ ಬರುತ್ತದೆ. ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ ಇಲ್ಲದ್ದನ್ನು ಅದು ಕೊಡಲಾರದು. ಫೈಲಿನ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಗಾತ್ರವೂ ಕಾಣುತ್ತದೆ, ಹಣ ಕಟ್ಟಿ ಇಳಿಸಿಕೊಂಡರೆ ಒಳಗೆ ಏನೂ ಇರುವುದಿಲ್ಲ. ಮೋಸಹೋಗುವುದು ಇಲ್ಲಿಯೇ. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಿಗೆ ವಿಂಡೋಸಿನಲ್ಲಿ ಸಾಮಾನ್ಯವಾಗಿ ಈ ಆದೇಶ ಹೋಗುವುದಿಲ್ಲವಾದ್ದರಿಂದ ಅಲ್ಲಿ ಆಸೆ ಜಾಸ್ತಿ.

ಇನ್ನೊಂದು ಬೀಗ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕಿಗೆ ಬಿಟ್‌ಲಾಕರ್ ತಂತ್ರದ ಗೂಢಲಿಪಿ ತಾನಾಗಿ ಬೀಳುವುದು ಹೆಚ್ಚಾಗಿದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದಾಗ 48 ಅಂಕಿಗಳ ಕೀಲಿ ಕೇಳುತ್ತದೆ. ಅದಿಲ್ಲದೆ ಯಾರೂ ತೆರೆಯಲಾರರು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿರುತ್ತದೆ. ಈ ಲೇಖನ ಓದಿ ಬೇರೇನೂ ಮಾಡದಿದ್ದರೂ ಇವತ್ತೇ ಆ ಪುಟಕ್ಕೆ ಹೋಗಿ ಕೀಲಿಯನ್ನು ಒಂದು ಕಾಗದದಲ್ಲಿ ಬರೆದು ಆಸ್ತಿಪತ್ರದ ಜೊತೆ ಇಡಿ.

ಮೊದಲು ನಕಲು, ಆಮೇಲೆ ಹುಡುಕಾಟ

ಡಿಸ್ಕಿನಲ್ಲಿ ಕೆಟ್ಟ ಸೆಕ್ಟರುಗಳಿದ್ದರೆ ಡಿಸ್ಕ್ ಇಡಿಯಾಗಿ ಒಂದು ಇಮೇಜ್ ಫೈಲ್ ಆಗಬೇಕು. ಆಮೇಲಿನ ಸ್ಕ್ಯಾನು, ಹುಡುಕಾಟ, ಪ್ರಯೋಗ ಎಲ್ಲ ಆ ಇಮೇಜಿನ ಮೇಲೆ. ಮೂಲ ಡಿಸ್ಕ್ ಕಪಾಟಿನಲ್ಲಿ.

ಇದಕ್ಕೆ ನಾನು ಬಳಸುವುದು ಗ್ನೂ ಡಿಡಿರೆಸ್ಕ್ಯೂ. ಉಚಿತ. ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸಿನಲ್ಲಿ ಓಡುತ್ತದೆ, ಸಿಸ್ಟಮ್‌ರೆಸ್ಕ್ಯೂ ಎಂಬುದನ್ನು ಪೆನ್‌ಡ್ರೈವಿಗೆ ಹಾಕಿ ಬೂಟ್ ಮಾಡಿದರೆ ಅದರೊಳಗೇ ಇರುತ್ತದೆ. ಇದರ ಜಾಣತನ ನನಗೆ ಬಹಳ ಇಷ್ಟ. ಸಾಮಾನ್ಯ ಕಾಪಿ ಮಾಡುವಾಗ ಕೆಟ್ಟ ಜಾಗ ಬಂದರೆ ಅಲ್ಲೇ ನಿಂತು ಹೆಣಗಾಡಿ ಡಿಸ್ಕನ್ನು ಸುಸ್ತು ಮಾಡುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ, ಕೆಟ್ಟ ಜಾಗವನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹಾರಿ, ಮೊದಲು ಒಳ್ಳೆಯದನ್ನೆಲ್ಲ ಬಾಚಿಕೊಳ್ಳುತ್ತದೆ. ಕೊನೆಗೆ ಹಿಂದೆ ಬಂದು ಕೆಟ್ಟ ಜಾಗಗಳ ಅಂಚನ್ನು ಸ್ವಲ್ಪ ಸ್ವಲ್ಪವೇ ಕೆರೆದು ನೋಡುತ್ತದೆ. ಎಲ್ಲಿಯವರೆಗೆ ಆಯಿತೆಂದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮೇಷ್ಟ್ರ ಡಿಸ್ಕಿನ ನಕಲು ನಡೆಯುವಾಗ ದೀವಳಿಗೆ ಹೊತ್ತಿನ ಗುಡುಗು ಶುರುವಾಗಿ ನಾನೇ ಎಲ್ಲ ತಂತಿ ಕಿತ್ತಿಟ್ಟೆ. ಮರುದಿನ ಅದೇ ಮ್ಯಾಪ್ ಫೈಲ್ ಕೊಟ್ಟಾಗ ನಿಂತಲ್ಲಿಂದ ಮುಂದುವರಿಯಿತು. ಮಿಂಚು ಬರುವ ಊರಿನಲ್ಲಿ ಈ ಗುಣಕ್ಕೆ ಬೆಲೆ ಕಟ್ಟಲಾಗದು.

ಒಂದೇ ಎಚ್ಚರಿಕೆ: ಯಾವುದರಿಂದ ಯಾವುದಕ್ಕೆ ಎಂಬುದನ್ನು ತಿರುಗಾಮುರುಗಾ ಕೊಟ್ಟರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ನಕಲಾಗುತ್ತದೆ. ಎರಡೂ ಡಿಸ್ಕಿನ ಗಾತ್ರ, ಮಾಡೆಲ್, ಸೀರಿಯಲ್ ನಂಬರನ್ನು ಕಾಗದದಲ್ಲಿ ಬರೆದು, ಪರದೆಯ ಮೇಲಿನದರೊಂದಿಗೆ ಹೋಲಿಸಿ, ಆಮೇಲೆ ಎಂಟರ್ ಒತ್ತಿ. ಲಿನಕ್ಸ್ ಕೈಗೆ ಬಗ್ಗದವರು ಇಮೇಜ್ ತೆಗೆಯಲು ಡಿಎಂಡಿಇ ಅಥವಾ ಆರ್-ಸ್ಟುಡಿಯೋ ಎಂಬ ರಿಕವರಿ ಸಾಫ್ಟ್‌ವೇರ್ ಬಳಸಬಹುದು.

ತಾಳ್ಮೆಯ ಲೆಕ್ಕ ಹೀಗೆ: ಸೆಕೆಂಡಿಗೆ 100 ಮೆಗಾಬೈಟ್ ಓದುವ ಆರೋಗ್ಯವಂತ ಡಿಸ್ಕಾದರೂ ಒಂದು ಟೆರಾಬೈಟಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ ಎಂಟು ಗಂಟೆ ಮೀರುತ್ತದೆ. ಕೆಟ್ಟ ಡಿಸ್ಕಾದರೆ ದಿನಗಳೇ. ಯುಪಿಎಸ್ ಇಲ್ಲದೆ ಹೊರಡಬೇಡಿ.

ಈಗ ಸಾಫ್ಟ್‌ವೇರ್

ಯಾವುದನ್ನೇ ನೋಡುವಾಗಲೂ ನಾನು ಕೇಳುವ ಪ್ರಶ್ನೆಗಳು ಇವು. ಮೂಲ ಡಿಸ್ಕಿಗೆ ಏನನ್ನಾದರೂ ಬರೆಯುತ್ತದೆಯೇ? ಇಮೇಜ್ ಫೈಲಿನ ಮೇಲೆ ಕೆಲಸ ಮಾಡುತ್ತದೆಯೇ? ಹಣ ಕೊಡುವ ಮುಂಚೆ ಫೈಲನ್ನು ತೆರೆದು ತೋರಿಸುತ್ತದೆಯೇ? ನಡುವೆ ನಿಂತರೆ ಸ್ಕ್ಯಾನನ್ನು ಉಳಿಸಿಡಬಹುದೇ? ನನ್ನ ಡಿಸ್ಕಿನ ಫೈಲ್ ಸಿಸ್ಟಮ್ ಅದಕ್ಕೆ ಗೊತ್ತಿದೆಯೇ? ಈ ಐದಕ್ಕೆ ಉತ್ತರ ಕೊಡದೆ ಬರೀ ಶೇಕಡಾವಾರು ಯಶಸ್ಸು ಹೇಳುವ ಜಾಹೀರಾತನ್ನು ಪಕ್ಕಕ್ಕಿಡಿ.

ಡಿಸ್ಕ್ ಗಟ್ಟಿಯಾಗಿದೆ, ನಿನ್ನೆ ಮೊನ್ನೆ ಕೈತಪ್ಪಿ ಅಳಿಸಿದ ಒಂದಷ್ಟು ಫೈಲ್ ಬೇಕು ಎಂದಾದರೆ ರೆಕುವಾ ಸಾಕು. ಉಚಿತ, ಸರಳ. ಫೈಲಿನ ಪಕ್ಕ ಹಸಿರು, ಕಿತ್ತಳೆ, ಕೆಂಪು ಚುಕ್ಕೆ ತೋರಿಸುತ್ತದೆ. ಹಸಿರು ಕಂಡರೂ ತೆರೆದು ನೋಡದೆ ನಂಬಬೇಡಿ. ಮೈಕ್ರೋಸಾಫ್ಟ್ 2020ರಲ್ಲಿ ತಂದ ವಿಂಡೋಸ್ ಫೈಲ್ ರಿಕವರಿಯೂ ಉಚಿತ, ಅದರ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಅದಕ್ಕೆ ಗುಂಡಿಗಳಿಲ್ಲ, ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಬೇಕು. ಅದರ ಒಂದು ಗುಣವನ್ನು ಹೊಗಳಲೇಬೇಕು: ಫೈಲ್ ಹೋದ ಡ್ರೈವಿಗೇ ಇಳಿಸಲು ಅದು ಬಿಡುವುದಿಲ್ಲ.

ಪಾರ್ಟಿಶನ್ ಇಡೀ ಕಾಣೆಯಾಗಿದೆ, ಹೊಸ ವಿಂಡೋಸ್ ಹಾಕುವಾಗ ಡಿ ಡ್ರೈವ್ ಮಾಯವಾಯಿತು ಎಂಬಂಥದ್ದಕ್ಕೆ ಟೆಸ್ಟ್‌ಡಿಸ್ಕ್. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯರ್ ಬರೆದ ಮುಕ್ತ ತಂತ್ರಾಂಶ. ನೋಡಲು ಹಳೆಯ ಡಾಸ್ ಪರದೆಯಂತಿದ್ದು ಹೆದರಿಸುತ್ತದೆ, ಆದರೆ ನಾಲ್ಕು ಬಾಣದ ಕೀಲಿ ಮತ್ತು ಎಂಟರ್ ಗೊತ್ತಿದ್ದರೆ ಸಾಕು. ಅನಲೈಸ್ ಎಂಬುದು ಓದುತ್ತದೆ ಅಷ್ಟೆ. ಸಿಕ್ಕಿದ ಪಾರ್ಟಿಶನ್ನಿನ ಮೇಲೆ ನಿಂತು ಪಿ ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಬರುತ್ತದೆ, ಅಲ್ಲಿಂದಲೇ ಬೇರೆ ಡಿಸ್ಕಿಗೆ ನಕಲು ಮಾಡಬಹುದು. ಕನ್ನಡ ಹೆಸರಿನ ಫೈಲುಗಳು ಆ ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣಬಹುದು, ಅದನ್ನು ನೋಡಿ ಫೈಲೇ ಹಾಳಾಗಿದೆ ಎಂದುಕೊಳ್ಳಬೇಡಿ. ರೈಟ್ ಎಂಬ ಆಯ್ಕೆ ಮಾತ್ರ ಡಿಸ್ಕಿಗೆ ಬರೆಯುತ್ತದೆ. ಫೈಲುಗಳೆಲ್ಲ ಸುರಕ್ಷಿತವಾಗಿ ಬೇರೆಡೆಗೆ ಬಂದ ಮೇಲೆಯೇ ಅದನ್ನು ಮುಟ್ಟಬೇಕು.

ಅದರ ಜೊತೆಯಲ್ಲೇ ಬರುವ ತಮ್ಮ ಫೋಟೋರೆಕ್. ಹೆಸರು ಫೋಟೋ ಎಂದಿದ್ದರೂ ನೂರಾರು ಬಗೆಯ ಫೈಲು ಹುಡುಕುತ್ತದೆ. ಡಿಸ್ಕಿನ ಪಟ್ಟಿಯನ್ನು ಇದು ನೋಡುವುದೇ ಇಲ್ಲ. ಮೊದಲಿಂದ ಕೊನೆಯವರೆಗೆ ಸೆಕ್ಟರ್ ಸೆಕ್ಟರ್ ಓದುತ್ತಾ, ಫೈಲಿನ ಗುರುತು ಕಂಡಲ್ಲಿ ಎತ್ತಿಕೊಳ್ಳುತ್ತದೆ. ಜೆಪೆಗ್ ಚಿತ್ರವಾದರೆ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟಿನಿಂದಲೇ ಶುರುವಾಗಬೇಕು. ಅದು ಕಂಡರೆ ಇಲ್ಲೊಂದು ಚಿತ್ರವಿದೆ ಎಂದು ಹಿಡಿಯುತ್ತದೆ. ಹಾಗಾಗಿ ಫೈಲ್ ಸಿಸ್ಟಮ್ ಪೂರ್ತಿ ಚಿಂದಿಯಾದಾಗಲೂ ಕೆಲಸ ಮಾಡುತ್ತದೆ. ಬದಲಿಗೆ ನೀವು ಕಳೆದುಕೊಳ್ಳುವುದು ಹೆಸರು ಮತ್ತು ಫೋಲ್ಡರು. ಎಲ್ಲವೂ ಎಫ್ ಅಕ್ಷರದ ಮುಂದೆ ಉದ್ದದ ಸಂಖ್ಯೆಯಾಗಿ ಬಂದು ಬೀಳುತ್ತವೆ. ತುಂಡು ತುಂಡಾಗಿ ಚದುರಿದ್ದ ದೊಡ್ಡ ವಿಡಿಯೋಗಳು ಮುರಿದೇ ಬರುತ್ತವೆ, ಅದು ಅದರ ಮಿತಿ. ಓಡಿಸುವ ಮೊದಲು ಫೈಲ್ ಬಗೆಯ ಪಟ್ಟಿಗೆ ಹೋಗಿ ನಿಮಗೆ ಬೇಕಾದದ್ದಕ್ಕೆ ಮಾತ್ರ ಗುರುತು ಹಾಕಿ. ಇಲ್ಲವಾದರೆ ವಿಂಡೋಸಿನ ಸಾವಿರಾರು ಸಣ್ಣ ಐಕಾನುಗಳ ನಡುವೆ ನಿಮ್ಮ ಫೋಟೋ ಹುಡುಕುವುದು ಅಕ್ಕಿಯಲ್ಲಿ ನುಚ್ಚು ಆರಿಸಿದಂತೆ.

ಹೆಸರು, ಫೋಲ್ಡರ್ ಸಮೇತ ಬೇಕು, ಡಿಸ್ಕ್ ‘ರಾ’ ಆಗಿದೆ ಎಂದರೆ ನನ್ನ ಮೊದಲ ಆಯ್ಕೆ ಡಿಎಂಡಿಇ. ಅದರ ಉಚಿತ ಆವೃತ್ತಿಯಲ್ಲೇ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4,000 ಫೈಲಿನವರೆಗೆ ಇಳಿಸಬಹುದು. ಮನೆಬಳಕೆಗೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ. ಪರದೆ ಸ್ವಲ್ಪ ಒರಟು, ಹೇಳಿಕೊಡುವವರಿಲ್ಲದೆ ಮೊದಲ ದಿನ ತಲೆ ತಿರುಗಬಹುದು. ಆರ್-ಸ್ಟುಡಿಯೋ ಇನ್ನೂ ಬಲಶಾಲಿ, ದಿನವೂ ಇದೇ ಕೆಲಸ ಮಾಡುವವರಿಗೆ ತಕ್ಕದ್ದು. ಗುರುಗ್ರಾಮದ ಸ್ಟೆಲ್ಲಾರ್, ಈಸಸ್, ಡಿಸ್ಕ್ ಡ್ರಿಲ್ ಮೊದಲಾದವು ನೋಡಲು ಚಂದ, ಹೊಸಬರಿಗೆ ಸುಲಭ, ಪೂರ್ತಿ ಇಳಿಸಬೇಕಾದರೆ ಹಣ ಕಟ್ಟಬೇಕು. ಹಣ ಕಟ್ಟುವುದರಲ್ಲಿ ತಪ್ಪಿಲ್ಲ, ಆದರೆ ಉಚಿತ ಸ್ಕ್ಯಾನನ್ನು ಕೊನೆಯವರೆಗೆ ಓಡಿಸಿ, ನಿಮಗೆ ಅತಿ ಮುಖ್ಯವಾದ ಐದಾರು ಫೈಲನ್ನು ಅದರಲ್ಲೇ ತೆರೆದು ನೋಡಿ. ಚಿತ್ರ ಪೂರ್ತಿ ಕಾಣಬೇಕು, ಹಾಡು ನಡುವಿನಿಂದಲೂ ಕೇಳಬೇಕು. ಪಟ್ಟಿಯಲ್ಲಿ ಹೆಸರು ಕಂಡದ್ದು ಸಾಕ್ಷಿಯಲ್ಲ. ವರ್ಷ ವರ್ಷ ತಾನಾಗಿ ಹಣ ಕಡಿತವಾಗುವ ಚಂದಾದಾರಿಕೆಯೋ ಒಂದೇ ಸಲದ ಪರವಾನಗಿಯೋ ಎಂದು ನೋಡಿಕೊಳ್ಳಿ.

ಕ್ರ್ಯಾಕ್ ಮಾಡಿದ ಪ್ರತಿಯನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ. ಫೈಲುಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ಸ್ಟಾಪ್ ಎಂಬ ಕುಖ್ಯಾತ ಬಗೆಯ ರ್‍ಯಾನ್ಸಮ್‌ವೇರ್ ಹಬ್ಬಿದ್ದು ಮುಖ್ಯವಾಗಿ ಇಂಥ ಕ್ರ್ಯಾಕುಗಳ ಮೂಲಕವೇ. ಇದ್ದ ಫೋಟೋ ಉಳಿಸಲು ಹೋಗಿ ಅಕ್ಕಪಕ್ಕದ ಡ್ರೈವಿನ ಫೋಟೋಗಳೂ ಹೋದಾವು.

ಮರಳಿ ಬಂದದ್ದನ್ನು ಗುರುತು ಹಿಡಿಯುವುದು

ಕ್ಯಾಮೆರಾ ಕಾರ್ಡಿನಿಂದ ಬಂದ ಚಿತ್ರಗಳ ಮೊದಲಕ್ಷರ ಹಾರಿಹೋಗಿದ್ದರೆ ಗಾಬರಿಯಾಗಬೇಡಿ. 32 ಗಿಗಾಬೈಟ್‌ವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ಪದ್ಧತಿಯಲ್ಲಿ ಅಳಿಸುವುದೆಂದರೆ ಹೆಸರಿನ ಮೊದಲ ಬೈಟನ್ನು ಇ5 ಎಂದು ಬದಲಿಸುವುದು. ಹಾಗಾಗಿ ಡಿಎಸ್‌ಸಿ ಎಂದು ಶುರುವಾಗಬೇಕಾದ ಹೆಸರು ಒಂದು ಅಡಿಗೆರೆಯ ಮುಂದೆ ಎಸ್‌ಸಿ ಎಂದು ಕಾಣುತ್ತದೆ. ಒಳಗಿನ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಕನ್ನಡಿಗರಿಗೆ ಮಾತ್ರ ಎದುರಾಗುವ ಗೊಂದಲ ಇನ್ನೊಂದು. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತಗಳು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತ, ಅಲ್ಲ. ದೇವಸ್ಥಾನದ ಆಮಂತ್ರಣ, ಸಂಘದ ನಡಾವಳಿ, ಹಳೆಯ ಪುಸ್ತಕದ ಡಿಟಿಪಿ ಎಲ್ಲ ಹೀಗೇ ಇರುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಚುಕ್ಕೆ, ಟೋಪಿ ಹಾಕಿದಂತೆ ಅರ್ಥವಿಲ್ಲದ ಸಾಲುಗಳು. ಮಂಗಳೂರಿನ ಸ್ನೇಹಿತರೊಬ್ಬರು ರಿಕವರಿ ವಿಫಲವಾಯಿತೆಂದು ತಿಳಿದು ತಂದೆಯ ಬರಹಗಳ ಇಡೀ ಫೋಲ್ಡರನ್ನು ಅಳಿಸಲು ಹೊರಟಿದ್ದರು. ಫಾಂಟ್ ಹಾಕಿದ ಕೂಡಲೇ ಪುಟ ಪುಟವೂ ಸರಿಯಾಗಿ ನಿಂತಿತು. ಮೊದಲು ಫಾಂಟ್ ಹಾಕಿ ನೋಡಿ, ಆಮೇಲೆ ತೀರ್ಪು.

ಕೊನೆಗೆ ರಿಪೇರಿ

ಬೇಕಾದದ್ದೆಲ್ಲ ಬೇರೆ ಡಿಸ್ಕಿಗೆ ಬಂದು, ತೆರೆದು ನೋಡಿ, ಇನ್ನೊಂದು ಕಡೆಗೂ ಪ್ರತಿ ಮಾಡಿದ ಮೇಲೆ ರಿಪೇರಿಯ ಮಾತು. ವಿಂಡೋಸಿನ ಚೆಕ್‌ಡಿಸ್ಕ್ ಸಾಕು, ಹೊರಗಿನದ್ದು ಬೇಕಾಗಿಲ್ಲ. ಕಪ್ಪು ಪರದೆಯಲ್ಲಿ ಅದರ ಆದೇಶದ ಮುಂದೆ ಏನೂ ಸೇರಿಸದೆ ಓಡಿಸಿದರೆ ಅದು ಬರೀ ಓದಿ ವರದಿ ಕೊಡುತ್ತದೆ. ಸ್ಲ್ಯಾಷ್ ಎಫ್ ಸೇರಿಸಿದರೆ ಫೈಲ್ ಸಿಸ್ಟಮಿನ ತಪ್ಪುಗಳನ್ನು ತಿದ್ದುತ್ತದೆ. ಸ್ಲ್ಯಾಷ್ ಆರ್ ಸೇರಿಸಿದರೆ ಅದರ ಜೊತೆಗೆ ಡಿಸ್ಕ್ ಪೂರ್ತಿ ಓದಿ ಕೆಟ್ಟ ಸೆಕ್ಟರುಗಳನ್ನು ಹುಡುಕುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ಕರೆಂಟು ಹಠಾತ್ತಾಗಿ ಹೋಗಿ ಬರೀ ಲೆಕ್ಕ ತಪ್ಪಿದ ಡಿಸ್ಕಿಗೆ ಸ್ಲ್ಯಾಷ್ ಎಫ್ ಒಳ್ಳೆಯ ಮದ್ದು. ಸಿ5 ಏರುತ್ತಿರುವ ಡಿಸ್ಕಿಗೆ ಸ್ಲ್ಯಾಷ್ ಆರ್ ಕೊಡುವುದೆಂದರೆ ಮುದುಕನನ್ನು ಆಗುಂಬೆ ಘಾಟಿ ಓಡಿ ಹತ್ತಿಸಿದಂತೆ.

ಕೆಟ್ಟ ಸೆಕ್ಟರನ್ನು ಸರಿಮಾಡಿಕೊಡುತ್ತೇವೆ ಎಂದು ಮಾರುವ ಸಾಫ್ಟ್‌ವೇರುಗಳನ್ನು ನಾನು ಕೊಳ್ಳುವುದಿಲ್ಲ. ನಿಜವಾಗಿ ಸವೆದ ಸೆಕ್ಟರನ್ನು ಯಾವುದೂ ಮತ್ತೆ ಗಟ್ಟಿ ಮಾಡದು, ಡಿಸ್ಕ್ ತಾನೇ ಅದನ್ನು ಬಿಟ್ಟು ಮೀಸಲು ಜಾಗಕ್ಕೆ ಹೋಗುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡಿ ಎರಡು ವಾರ ಗಮನಿಸಿ. 05 ಮತ್ತು ಸಿ5 ನಿಂತಲ್ಲೇ ನಿಂತರೆ ಸಿನಿಮಾ ಹಾಕಿಡಲು ಆದೀತು, ಮತ್ತೆ ಏರಿದರೆ ವಿದಾಯ. ಇಲ್ಲೊಂದು ಎಚ್ಚರ: ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ತಿ ಫಾರ್ಮ್ಯಾಟ್ ಎಂದರೆ ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುವುದು. ಅದಾದ ಮೇಲೆ ಏನನ್ನೋ ಮರೆತೆ ಎಂದು ನೆನಪಾದರೆ ಪ್ರಯೋಜನವಿಲ್ಲ.

ಲ್ಯಾಬಿಗೆ ಕೊಡುವುದಾದರೆ

ಟಕ್ ಟಕ್ ಸದ್ದು, ನೀರಿಗೆ ಬಿದ್ದದ್ದು, ಮಿಂಚು ಹೊಡೆದು ಬೋರ್ಡು ಸುಟ್ಟದ್ದು, ಇವಕ್ಕೆ ಧೂಳಿಲ್ಲದ ಕೋಣೆ ಇರುವ ಲ್ಯಾಬ್ ಬೇಕು. ಕೊಡುವ ಮುಂಚೆ ಕೇಳಿ: ಡಿಸ್ಕನ್ನು ಎಲ್ಲಿ ಬಿಚ್ಚುತ್ತೀರಿ, ಮೊದಲು ಇಮೇಜ್ ತೆಗೆಯುತ್ತೀರಾ, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು, ಸಿಕ್ಕಿದ ಫೈಲುಗಳ ಪಟ್ಟಿಯನ್ನು ಹಣ ಕೊಡುವ ಮೊದಲು ತೋರಿಸುತ್ತೀರಾ? ಸಾಮಾನ್ಯ ಮೇಜಿನ ಮೇಲೆ ಮುಚ್ಚಳ ಬಿಚ್ಚುತ್ತೇನೆ ಎನ್ನುವವರ ಹತ್ತಿರ ಕೊಡಬೇಡಿ. ಎಕ್ಸ್‌ಟರ್ನಲ್ ಡಿಸ್ಕಾದರೆ ಪೆಟ್ಟಿಗೆ ಸಮೇತ ಕೊಡಿ; ಕೆಲವು ಮಾದರಿಗಳಲ್ಲಿ ಗೂಢಲಿಪಿ ಆ ಪೆಟ್ಟಿಗೆಯ ಪುಟ್ಟ ಬೋರ್ಡಿನಲ್ಲೇ ಇರುತ್ತದೆ.

ಮೇಷ್ಟ್ರ ಡಿಸ್ಕಿನಿಂದ ಇಮೇಜ್ ತೆಗೆದು, ಡಿಎಂಡಿಇಯಲ್ಲಿ ಹೆಸರು ಸಮೇತ ಸಿಕ್ಕಿದ್ದನ್ನು ಇಳಿಸಿ, ಉಳಿದದ್ದಕ್ಕೆ ಫೋಟೋರೆಕ್ ಓಡಿಸಿದೆ. ಹೆಸರಿಲ್ಲದ ಎಂಪಿ3ಗಳನ್ನು ಅವರು ಈಗ ದಿನಕ್ಕೆ ನಾಲ್ಕೈದರಂತೆ ಕೇಳುತ್ತಾರೆ. ಭಾಗವತರ ಮೊದಲ ಪದ್ಯ ಎತ್ತುವ ಹೊತ್ತಿಗೇ ಕಣ್ಣು ಮುಚ್ಚಿ, ಇದು ಕರ್ಣನ ಪ್ರಸಂಗ, ಇಂಥ ಊರಿನ ಗುಡಿಯ ಜಗಲಿ, ಆ ದಿನ ಮಳೆ ಬಂದಿತ್ತು ಎನ್ನುತ್ತಾರೆ. ನಾನು ಪಕ್ಕದಲ್ಲಿದ್ದರೆ ಅದನ್ನೇ ಫೈಲಿನ ಹೆಸರಾಗಿ ಟೈಪ್ ಮಾಡುತ್ತೇನೆ. ಇನ್ನೂ ಒಂದು ಫೋಲ್ಡರ್ ಪೂರ್ತಿ ಉಳಿದಿದೆ. ಅದು ಮುಗಿಯುವವರೆಗೆ ಹಳೆಯ ಡಿಸ್ಕನ್ನು ಎಸೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ, ನನ್ನ ಕಪಾಟಿನ ಮೇಲಿನ ಹಲಗೆಯಲ್ಲಿದೆ.